ತಾರಷಡ್ಜಕ್ಕೆ ಮುನ್ನ ಒಂದು ನಿಮಿಷ

ಹಾಡುವಾಗ ಧ್ವನಿತಂತುಗಳು ಹೇಗೆ ಅಲುಗುತ್ತವೆ ಎಂಬುದನ್ನು ಕಣ್ಣಾರೆ ಕಂಡು ವಿವರವಾಗಿ ಬರೆದವರು ಒಬ್ಬ ಸಂಗೀತದ ಮೇಷ್ಟ್ರು. 1854ರಲ್ಲಿ ಮ್ಯಾನುಯೆಲ್ ಗಾರ್ಸಿಯಾ ಹಲ್ಲಿನ ವೈದ್ಯರು ಬಳಸುವ ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ, ಕಿರುನಾಲಿಗೆಗೆ ತಾಗುವಂತೆ ಬಾಯೊಳಗಿಟ್ಟುಕೊಂಡರು. ಇನ್ನೊಂದು ಕನ್ನಡಿಯಿಂದ ಅದರ ಮೇಲೆ ಬಿಸಿಲು ಹಾಯಿಸಿ, ತಮ್ಮ ಗಂಟಲನ್ನು ತಾವೇ ನೋಡಿಕೊಂಡರು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಆ ಬರಹ ಮಂಡನೆಯಾಯಿತು. ಗಂಟಲಿನ ವೈದ್ಯಶಾಸ್ತ್ರ ಬೆಳೆದದ್ದು ಆ ಕನ್ನಡಿ ಹಿಡಿದುಕೊಂಡೇ. ಇಷ್ಟಾದರೂ ಇವತ್ತು ನಮ್ಮ ಬಹುಪಾಲು ಪಾಠಗಳಲ್ಲಿ ಗಂಟಲಿನ ಮಾತು ಬರುವುದು ಅದು ಕೆಟ್ಟ ಮೇಲೆ. ರಾಗ, ತಾಳ, ಶ್ರುತಿಯ ಜೊತೆಗೆ ಗಂಟಲನ್ನು ಉಳಿಸಿಕೊಳ್ಳುವ ತಿಳಿವಳಿಕೆಯೂ ಸಂಗೀತಪಾಠದ ಭಾಗವಾಗಬೇಕು, ಅದನ್ನು ಆಸ್ಪತ್ರೆಗೆ ಬಿಟ್ಟುಕೊಡಬಾರದು ಎಂಬುದು ನನ್ನ ವಾದ.

ಲೆಕ್ಕ ನೋಡಿ. ಐದೂವರೆ ಶ್ರುತಿಯಲ್ಲಿ ಹಾಡುವ ಹುಡುಗಿ ಮಧ್ಯಷಡ್ಜ ಹಿಡಿದಾಗ ಅವಳ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 208 ಸಲ ಒಂದಕ್ಕೊಂದು ಬಡಿಯುತ್ತವೆ. ತಾರಷಡ್ಜದಲ್ಲಿ ಸುಮಾರು 415 ಸಲ. ಒಂದೇ ನಿಮಿಷ ತಾರಷಡ್ಜದಲ್ಲಿ ನಿಂತರೆ ಸುಮಾರು 25,000 ಬಡಿತ! ಬಡಿತದ ಜೋರು ಅತಿ ಹೆಚ್ಚಾಗಿರುವುದು ಕಂಪಿಸುವ ಅಂಚಿನ ನಟ್ಟನಡುವೆ, ಗಂಟು ಕಟ್ಟುವುದೂ ಅಲ್ಲೇ. ವೀಣೆ ನುಡಿಸುವವರ ಬೆರಳಿನಲ್ಲಿ ಜಡ್ಡು ಕಟ್ಟುವುದನ್ನು ನೆನೆಯಿರಿ. ಬೆರಳಿನ ಜಡ್ಡು ವೈಣಿಕರಿಗೆ ಉಪಕಾರಿ, ಧ್ವನಿತಂತುವಿನ ಜಡ್ಡು ಮಾತ್ರ ಗಾಯಕರಿಗೆ ಶತ್ರು. ಅಂಚುಗಳು ಪೂರ್ತಿ ಕೂಡದೆ ಸಂದಿಯಲ್ಲಿ ಗಾಳಿ ಸೋರುತ್ತದೆ. ವಿದ್ಯಾರ್ಥಿ ಸೋರಿಕೆಯನ್ನು ಮುಚ್ಚಲು ಇನ್ನಷ್ಟು ಒತ್ತುತ್ತಾನೆ, ಒತ್ತಿದಷ್ಟೂ ಊತ ಹೆಚ್ಚುತ್ತದೆ. ಇದಕ್ಕೆ ಕಲ್ಲುಸಕ್ಕರೆ, ಕಾಳುಮೆಣಸು, ಜೇಷ್ಠಮಧು ಚಪ್ಪರಿಸುವುದು ನಮ್ಮ ರೂಢಿ. ಹಿತವೇನೋ ಆಗುತ್ತದೆ, ಆದರೆ ನುಂಗಿದ್ದು ಅನ್ನನಾಳದ ದಾರಿ ಹಿಡಿಯುತ್ತದೆ, ಧ್ವನಿತಂತುವನ್ನು ಮುಟ್ಟುವುದಿಲ್ಲ.

ಎಷ್ಟು ಬಡಿತ ಎನ್ನುವುದನ್ನು ಸಂಶೋಧಕರು ಈಗ ಅಳೆಯುತ್ತಾರೆ. ಅಮೆರಿಕದ ಇಂಗೊ ಟಿಟ್ಸೆ ಮತ್ತು ಸಂಗಡಿಗರು 2003ರಲ್ಲಿ ಇದಕ್ಕೆ ‘ಧ್ವನಿಯ ಡೋಸ್’ ಎಂಬ ಲೆಕ್ಕ ಕೊಟ್ಟರು. ಕತ್ತಿಗೆ ಅಂಟಿಸಿದ ಸಣ್ಣ ಸಂವೇದಕ ದಿನವಿಡೀ ಕಂಪನವನ್ನು ಎಣಿಸುತ್ತದೆ. ಈ ಲೆಕ್ಕದಲ್ಲಿ ಹಾಡಿಗೂ ಹರಟೆಗೂ ಒಂದೇ ಖಾತೆ. ಬೆಳಿಗ್ಗೆ ಒಂದು ಗಂಟೆ ಅಕಾರ ಸಾಧನೆ ಮಾಡಿದ ಹುಡುಗಿ ಆಮೇಲೆ ಬಸ್ಸಿನ ಗದ್ದಲದಲ್ಲಿ ಗೆಳತಿಯೊಡನೆ ಕೂಗಿ ಮಾತಾಡಿ, ಕಾಲೇಜಿನ ಕಾರ್ಯಕ್ರಮಕ್ಕೆ ನಿರೂಪಣೆ ಮಾಡಿ, ಸಂಜೆ ಮಕ್ಕಳಿಗೆ ತಾನೇ ಪಾಠ ಹೇಳಿದರೆ, ಗಂಟಲು ಕಟ್ಟಿದ ದಿನ ದೂರು ಬೀಳುವುದು ಬೆಳಗಿನ ಸಾಧನೆಯ ಮೇಲೆ, ಇಲ್ಲವೇ ಅವಳ ಸೋಮಾರಿತನದ ಮೇಲೆ. ಸಾಮೂಹಿಕ ಪಾಠದಲ್ಲಿ ಇನ್ನೊಂದು ತೊಡಕಿದೆ. ಶ್ರುತಿಪೆಟ್ಟಿಗೆ ಗುರುವಿನ ದನಿಗೆ ಹೊಂದಿರುತ್ತದೆ. ಇಪ್ಪತ್ತು ಮಕ್ಕಳು ಅದಕ್ಕೇ ಏರಬೇಕು. ಗಂಟಲು ಒಡೆಯುವ ವಯಸ್ಸಿನ ಹುಡುಗನ ದನಿ ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು ಇಳಿಯುತ್ತದೆ. ಆ ತಿಂಗಳುಗಳಲ್ಲಿ ಅವನನ್ನು ತಾರಸ್ಥಾಯಿ ವರಸೆಗೆ ನೂಕುವುದು, ಕಾಲು ಬೆಳೆಯುತ್ತಿರುವ ಮಗುವಿಗೆ ಹೋದ ವರ್ಷದ ಬೂಟನ್ನೇ ತುರುಕಿದ ಹಾಗೆ.

‘ಹಿಂದಿನವರು ನಸುಕಿನಲ್ಲೆದ್ದು ಗಂಟೆಗಟ್ಟಲೆ ಹಾಡುತ್ತಿದ್ದರು, ಅವರಿಗೇನಾಯಿತು?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ನಮಗೆ ಹೆಸರು ಗೊತ್ತಿರುವುದು ಗಂಟಲು ಉಳಿಸಿಕೊಂಡವರದು. ಕಳೆದುಕೊಂಡು ಅರ್ಧಕ್ಕೇ ಬಿಟ್ಟವರ ಲೆಕ್ಕ ಯಾರೂ ಇಟ್ಟಿಲ್ಲ. ಗಂಗೂಬಾಯಿ ಹಾನಗಲ್ ಅವರ ಉದಾಹರಣೆಯನ್ನೂ ಕೊಡುತ್ತಾರೆ. 1930ರ ದಶಕದ ಧ್ವನಿಮುದ್ರಿಕೆಗಳಲ್ಲಿ ಅವರ ದನಿ ತೆಳು, ಎತ್ತರ; ಟಾನ್ಸಿಲ್ ಚಿಕಿತ್ಸೆಯ ನಂತರ ಅದು ತಗ್ಗಿ ಗಡುಸಾಯಿತು. ಆಮೇಲೆ ಅವರು ಹಳೆಯ ಎತ್ತರವನ್ನು ಬಲವಂತದಿಂದ ಬೆನ್ನಟ್ಟಲಿಲ್ಲ. ತಗ್ಗಿನ ಶ್ರುತಿಯಲ್ಲೇ ಕಿರಾಣಾ ಘರಾಣೆಯ ಗಾಯನಶೈಲಿಯನ್ನು ಹೊಸ ದನಿಗೆ ಒಗ್ಗಿಸಿಕೊಂಡರು. ಗಂಟಲಿಗೆ ತಕ್ಕ ಹಾಡುಗಾರಿಕೆ ಎಂದರೆ ಇದೇ ಅಲ್ಲವೇ? ಆ ಉದಾಹರಣೆ ನಿಲ್ಲುವುದು ನನ್ನ ವಾದದ ಕಡೆಗೇ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಇದನ್ನೆಲ್ಲ ಹೇಳಿದರೆ ಮಕ್ಕಳು ಹೆದರಿ ಬಾಯಿಬಿಟ್ಟು ಹಾಡುವುದನ್ನೇ ಬಿಟ್ಟಾರು. ಅಮೆರಿಕದ ರಾಬರ್ಟ್ ಸಟಲಾಫ್ ಅವರ ತಂಡ 1997ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಯಾವ ತೊಂದರೆಯೂ ಇಲ್ಲದ ಗಾಯಕರ ಗಂಟಲನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಏನಾದರೊಂದು ವ್ಯತ್ಯಾಸ ಕಂಡಿತು. ಎಂದರೆ, ಕಂಡದ್ದೆಲ್ಲ ಕಾಯಿಲೆಯಲ್ಲ. ದನಿ ಚೆನ್ನಾಗಿರುವಾಗಲೇ ಒಮ್ಮೆ ಗಂಟಲು ತೋರಿಸಿಕೊಂಡಿದ್ದರೆ ಮುಂದೆ ತೊಂದರೆ ಬಂದಾಗ ಹೊಸದು ಯಾವುದು, ಹಳೆಯದು ಯಾವುದು ಎಂದು ವೈದ್ಯರಿಗೆ ತಿಳಿಯುತ್ತದೆ. ಇದಕ್ಕೆ ದೂರ ಹೋಗಬೇಕಿಲ್ಲ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲೇ ಇದೆ. ಎಳೆಯ ಗಂಟು ಹೆಚ್ಚಿನವರಲ್ಲಿ ಧ್ವನಿಚಿಕಿತ್ಸೆಯಿಂದಲೇ ಇಳಿಯುತ್ತದೆ, ಚಾಕು ಮುಟ್ಟಿಸಬೇಕಾಗಿಲ್ಲ. ಇದು ಗೊತ್ತಿಲ್ಲದ ಮಗುವೇ ಹೆದರಿ ಮುಚ್ಚಿಡುವುದು.

ಪಾಠದಲ್ಲಿ ಮಾಡಬಹುದಾದದ್ದು ದೊಡ್ಡದೇನೂ ಅಲ್ಲ. ರಾಬರ್ಟ್ ಬ್ಯಾಸ್ಟಿಯನ್ ಮತ್ತು ಸಂಗಡಿಗರು 1990ರಲ್ಲಿ ಊತ ಪತ್ತೆಹಚ್ಚುವ ಸರಳ ದಾರಿಯೊಂದನ್ನು ಬರೆದರು: ಎತ್ತರದ ಸ್ವರಗಳನ್ನು ಆದಷ್ಟು ಮೆಲ್ಲಗೆ ಹಾಡಿಸಿ ನೋಡುವುದು. ಜೋರಾಗಿ ಹಾಡಿದರೆ ಊತ ಮರೆಯಾಗುತ್ತದೆ, ಮೆಲ್ಲಗೆ ಹಾಡಿದರೆ ಬಯಲಾಗುತ್ತದೆ. ಶ್ರುತಿ ಹಾಕಿದೊಡನೆ ಗುರು ಪ್ರತಿ ವಿದ್ಯಾರ್ಥಿಯಿಂದ ತಾರಷಡ್ಜದ ಆಚೀಚೆ ಎರಡು ಮೂರು ಸ್ವರ, ಮಲಗಿದ ಕೂಸು ಏಳದಷ್ಟು ಮೆತ್ತಗೆ, ಹಾಡಿಸಬಹುದು. ದನಿಗೆ ಮೊದಲು ಬರೀ ಗಾಳಿ ಬಂದರೆ, ನಿನ್ನೆ ಸಲೀಸಾಗಿ ಹತ್ತಿದ ರಿಷಭ ಇವತ್ತು ತಡೆದರೆ, ಆ ದಿನದ ಪಾಠ ಮಧ್ಯಸ್ಥಾಯಿಯಲ್ಲಿ, ಇಲ್ಲವೇ ಕೇಳ್ಮೆಯಲ್ಲಿ. ಸರಳೆವರಸೆ ಬರೆದುಕೊಂಡ ಅದೇ ಪುಸ್ತಕದ ಅಂಚಿನಲ್ಲಿ ತಾರೀಖು ಹಾಕಿ, ತಡೆದ ಸ್ವರ ಗುರುತು ಮಾಡಿದರೆ ಸಾಕು. ಎರಡು ವಾರ ಕಳೆದರೂ ಅದೇ ಸ್ವರ ತಡೆಯುತ್ತಿದ್ದರೆ, ಆ ಪುಸ್ತಕ ಸಮೇತ ಗಂಟಲಿನ ವೈದ್ಯರ ಬಳಿ ಹೋಗಬೇಕು.