ಅದಿರಾಗಲು ಹೊರಟ ಗಾಡಿ

ವಾಸ್ಕೋ ಬಳಿಯ ಝುವಾರಿನಗರದಿಂದ ಓದುಗರೊಬ್ಬರು ಬರೆದಿದ್ದಾರೆ: “ಸರ, ಎರಡು ಹಳೇ ಎಸ್‌ಯುವಿ ನೋಡಿಟ್ಟೇನ್ರಿ. ಎರಡೂ 2013ರ ಮಾಡೆಲ್ಲು, ಒಂದೇ ಕಂಪನಿದು. ಒಂದು ಬೈನಾ ಬೀಚಿನ ಹತ್ರ ಐತಿ, ಬರೇ 58 ಸಾವಿರ ಕಿಲೋಮೀಟರ್ ಓಡೈತಿ. ಇನ್ನೊಂದು ಫೋಂಡಾದಾಗ ಐತಿ, 1 ಲಕ್ಷ 90 ಸಾವಿರ ಆಗೈತಿ. ಮೊದಲನೇದಕ್ಕ ಒಂದು ಲಕ್ಷ ಜಾಸ್ತಿ ಹೇಳ್ತಾರ. ವರ್ಷಕ್ಕ ನಾಕು ಸಲ ಅನಮೋಡ ಘಾಟ್ ಹತ್ತಿ ಬಾಗಲಕೋಟಿಗೆ ಹೋಗಬೇಕು. ಯಾವುದು ತಗೋಳ್ಲಿ? ಫೋಂಡಾ ಗಾಡಿ ನಂಬರು ಕೂಡಿದ್ರ 8 ಬರತೈತಿ, ಶನಿ ಅಂಕಿ, ಬ್ಯಾಡ ಅಂತಾರ ನಮ್ಮಪ್ಪ.”

ಡಿಸೆಂಬರ್‌ನಲ್ಲಿ ಹೇಗೂ ಗೋವಾಕ್ಕೆ ಹೋಗುವುದಿತ್ತು. ಎರಡೂ ಗಾಡಿ ನೋಡೋಣ ಎಂದೆ. ಅವರ ಪರಿಚಯದ ಮೆಕ್ಯಾನಿಕ್ ಒಬ್ಬರು ಜೊತೆಗೆ ಬಂದರು. ಗದಗದ ಕಡೆಯವರು, ವಾಸ್ಕೋದಲ್ಲಿ ಇಪ್ಪತ್ತು ವರ್ಷದಿಂದ ಗಾಡಿಗಳ ಅಡಿಯಲ್ಲೇ ಬದುಕಿದವರು.

ಎಂಜಿನ್ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಅದನ್ನು ಎಲ್ಲರೂ ನೋಡುತ್ತಾರೆ. ಬೆಳಿಗ್ಗೆ ಗಾಡಿ ತಣ್ಣಗಿರುವಾಗಲೇ ಹೋಗಿ. ಬಾನೆಟ್ ಮುಟ್ಟಿದಾಗ ಬೆಚ್ಚಗಿದ್ದರೆ ಯಾರೋ ಆಗಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಎಂದು ತಿಳಿಯಿರಿ. ಸ್ಟಾರ್ಟ್ ಆದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆಸಿದಂಥ ಬಿಳಿ ಲೋಳೆ ಕಂಡರೆ ಎಣ್ಣೆಗೆ ನೀರು ಸೇರಿದೆ. ಮೀಟರ್ ತಿರುಗಿಸಿದ್ದಾರೋ ಇಲ್ಲವೋ ಎಂಬುದಕ್ಕೆ ಸರ್ವಿಸ್ ದಾಖಲೆ ಕೇಳಿ, ಬ್ರೇಕ್ ಪೆಡಲಿನ ರಬ್ಬರು ಎಷ್ಟು ಸವೆದಿದೆ ನೋಡಿ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿಕೊಂಡು ಹೆದ್ದಾರಿಯಲ್ಲಿ ಓಡಿದ ಡೀಸೆಲ್ ಎಂಜಿನ್ನಿಗೆ ಎರಡು ಲಕ್ಷ ಕಿಲೋಮೀಟರ್ ದೊಡ್ಡ ವಯಸ್ಸಲ್ಲ. ದಿನಾ ಎರಡು ಕಿಲೋಮೀಟರ್ ಓಡಿ, ಬಿಸಿಯಾಗುವ ಮೊದಲೇ ನಿಲ್ಲುವ ಎಂಜಿನ್ನು ಅದಕ್ಕಿಂತ ಹೆಚ್ಚು ಸವೆಯುತ್ತದೆ.

ಬೈನಾ ಗಾಡಿ ಈ ಪರೀಕ್ಷೆಗಳಲ್ಲೆಲ್ಲ ಪಾಸಾಯಿತು. ಸೀಟು ಹೊಸದರಂತಿತ್ತು. ಬಗ್ಗಿ ನೋಡಿದರೆ ಅಡಿಭಾಗಕ್ಕೆಲ್ಲ ಕಪ್ಪು ಕೋಟಿಂಗ್ ಹೊಡೆಸಿ ಮಿರಮಿರ ಮಿಂಚಿಸಿದ್ದರು. ನಮ್ಮ ಓದುಗರ ಮುಖ ಅರಳಿತು. ಮೆಕ್ಯಾನಿಕ್ ಮಾತ್ರ ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿಯನ್ನು ಮುಂದಿನಿಂದ ಹಿಂದಕ್ಕೆ ಬಡಿಯುತ್ತಾ ಹೋದರು. ಟಣ್, ಟಣ್, ಟಣ್. ಹಿಂದಿನ ಚಕ್ರದ ಮೇಲ್ಗಡೆ ಬಂದಾಗ ಸದ್ದು ‘ದಬ್’ ಎಂದಿತು. “ಬರೇ ನೋಡಬ್ಯಾಡ್ರಿ ಸರ, ಕೇಳ್ರಿ. ಇಲ್ಲಿ ಜಂಗು ತಿಂದೈತಿ” ಎಂದು ಸ್ಕ್ರೂಡ್ರೈವರಿನ ಮೊನೆ ಒತ್ತಿದರು. ಕಪ್ಪು ಬಣ್ಣದ ಕೆಳಗಿನಿಂದ ಅಂಗೈ ಅಗಲದ ಹೆಕ್ಕಳಿಕೆ ಕಳಚಿ ನನ್ನ ಕೈಗೆ ಬಿತ್ತು. ಚಿರೋಟಿಯ ಹಾಗೆ ಪದರಪದರ, ಹೊರಗೆ ಕೆಂಪು, ಒಳಗೆ ಕಪ್ಪು. ಕಬ್ಬಿಣ ತುಕ್ಕಾದಾಗ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಬಣ್ಣವೂ ಪದರಗಳೂ ಉಬ್ಬಿ ಏಳುತ್ತವೆ.

ಆ ಹೆಕ್ಕಳಿಕೆಯನ್ನು ಕೈಯಲ್ಲಿ ಹಿಡಿದಾಗ ನನಗೆ ರೋಮಾಂಚನವಾದದ್ದಕ್ಕೆ ಕಾರಣವಿದೆ. ನಾವು ನಿಂತಿದ್ದ ಜಾಗದಿಂದ ಕೂಗಳತೆಯಲ್ಲಿ ಮೊರ್ಮುಗಾವ್ ಬಂದರು. ಬಿಚೋಲಿಂ, ಸಾಂಗೆಂ ತಾಲ್ಲೂಕುಗಳ ಗುಡ್ಡ ಅಗೆದು, ಬಾರ್ಜುಗಳಲ್ಲಿ ತುಂಬಿ, ಮಾಂಡವಿ ಮತ್ತು ಝುವಾರಿ ನದಿಗಳಲ್ಲಿ ತೇಲಿಸಿ ಗೋವಾದ ಅದಿರನ್ನು ದಶಕಗಳ ಕಾಲ ತಂದದ್ದು ಇಲ್ಲಿಗೇ. 2012ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಗೆ ತಡೆ ಹಾಕುವವರೆಗೂ ಆ ಕೆಂಪು ಮೆರವಣಿಗೆ ನಡೆದೇ ಇತ್ತು. ಆ ಅದಿರು ಏನು? ಹೆಮಟೈಟ್. ಎಂದರೆ ಕಬ್ಬಿಣ ಮತ್ತು ಆಮ್ಲಜನಕ. ಚಾಸಿಯ ತುಕ್ಕು ಏನು? ಕಬ್ಬಿಣ ಮತ್ತು ಆಮ್ಲಜನಕ, ಜೊತೆಗೆ ಒಂದಿಷ್ಟು ನೀರು. ಗೋವಾದ ಮನೆಗೋಡೆಗಳ ಜಂಬಿಟ್ಟಿಗೆಗೆ ಕೆಂಪು ಬಂದದ್ದೂ ಇದೇ ವಸ್ತುವಿನಿಂದ. ಊದುಕುಲುಮೆಯಲ್ಲಿ ಒಂದೂವರೆ ಸಾವಿರ ಡಿಗ್ರಿಯ ಕಾವು ಕೊಟ್ಟು, ಕಲ್ಲಿದ್ದಲು ಸುಟ್ಟು, ನಾವು ಅದಿರಿನಿಂದ ಆಮ್ಲಜನಕವನ್ನು ಬಲವಂತವಾಗಿ ಕಿತ್ತಿರುತ್ತೇವೆ. ಉಕ್ಕಿಗೆ ಅದು ನೆಮ್ಮದಿಯ ಸ್ಥಿತಿಯಲ್ಲ. ದಾರಿ ಸಿಕ್ಕಿದ ಕ್ಷಣದಿಂದ ಅದು ಅದಿರಾಗಲು ಹೊರಡುತ್ತದೆ.

ಕುಲುಮೆಯಲ್ಲಿ ಸುರಿದ ಆ ಶಕ್ತಿ ತುಕ್ಕು ಹಿಡಿಯುವಾಗ ಮರಳಿ ಹೊರಬರುತ್ತದೆ. ಹಿಮಾಲಯಕ್ಕೆ ಚಾರಣ ಹೋಗುವವರು ಅಂಗೈಯಲ್ಲಿಟ್ಟುಕೊಳ್ಳುವ ಬಿಸಿ ಪೊಟ್ಟಣ ನೋಡಿದ್ದೀರಾ? ಅದರೊಳಗಿನ ಮುಖ್ಯ ಸರಕು ಕಬ್ಬಿಣದ ಪುಡಿ, ಇದ್ದಿಲು, ನೀರು ಮತ್ತು ಉಪ್ಪು. ಗಾಳಿ ತಾಗಿದೊಡನೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಕೈ ಬೆಚ್ಚಗಾಗುತ್ತದೆ. ಗಾಡಿಯಲ್ಲಿ ಇದೇ ಕ್ರಿಯೆ ವರ್ಷಗಟ್ಟಲೆ ನಿಧಾನವಾಗಿ ನಡೆಯುವುದರಿಂದ ಬಿಸಿ ಗೊತ್ತಾಗುವುದಿಲ್ಲ ಅಷ್ಟೆ.

ಪೊಟ್ಟಣಕ್ಕೆ ಉಪ್ಪು ಹಾಕುವುದೇಕೆ? ತುಕ್ಕು ಹಿಡಿಯುವುದೆಂದರೆ ಒಂದು ಪುಟ್ಟ ಬ್ಯಾಟರಿ ಕೆಲಸ ಮಾಡಿದಂತೆ. ಲೋಹದ ಒಂದು ಜಾಗ ಎಲೆಕ್ಟ್ರಾನ್ ಕಳೆದುಕೊಂಡು ಕರಗುತ್ತದೆ, ಇನ್ನೊಂದು ಜಾಗದಲ್ಲಿ ಆಮ್ಲಜನಕ ಆ ಎಲೆಕ್ಟ್ರಾನನ್ನು ಹಿಡಿದುಕೊಳ್ಳುತ್ತದೆ. ನಡುವೆ ವಿದ್ಯುತ್ ಹರಿಯಲು ನೀರು ಬೇಕು, ಉಪ್ಪುನೀರಾದರೆ ಸಲೀಸು. ಅದಕ್ಕಿಂತ ಮುಖ್ಯವಾದ ಸಂಗತಿಯನ್ನು ಕರಾವಳಿಯ ಅಡುಗೆಮನೆಗಳು ಯಾವಾಗಲೋ ಕಂಡುಕೊಂಡಿವೆ. ಸಾಣಿಕಟ್ಟೆಯ ಕಲ್ಲುಪ್ಪನ್ನು ಆಷಾಢದಲ್ಲಿ ಭರಣಿಯಲ್ಲಿಟ್ಟರೆ ತಳದಲ್ಲಿ ನೀರು ನಿಲ್ಲುತ್ತದೆ. ಯಾರೂ ನೀರು ಹಾಕಿದ್ದಲ್ಲ, ಉಪ್ಪೇ ಗಾಳಿಯಿಂದ ಹೀರಿದ್ದು. ಶುದ್ಧ ಸೋಡಿಯಂ ಕ್ಲೋರೈಡಿಗೆ ಗಾಳಿಯ ತೇವಾಂಶ ಶೇಕಡ 75 ದಾಟಬೇಕು. ಆದರೆ ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡೂ ಇರುತ್ತದೆ, ಅದಕ್ಕೆ ಶೇಕಡ 33 ಸಾಕು. ಗೋವಾದ ಕಡಲ ದಂಡೆಯಲ್ಲಿ ಗಾಳಿ ಅಷ್ಟು ಒಣಗುವ ದಿನ ಹುಡುಕಿದರೂ ಸಿಗುವುದು ಕಷ್ಟ. ಅಂದರೆ ಅಲೆಯ ತುಂತುರು ಬಂದು ಕೂತ ಚಾಸಿ, ಮಳೆ ನಿಂತು ಎಷ್ಟೇ ದಿನವಾದರೂ, ತೆಳ್ಳಗಿನ ಉಪ್ಪುನೀರನ್ನು ಹೊದ್ದುಕೊಂಡೇ ಇರುತ್ತದೆ.

ಬೈನಾ ಗಾಡಿಯ ಚಾಸಿ ಏಣಿಯಾಕಾರದ್ದು. ಬೊಲೆರೊ, ಸ್ಕಾರ್ಪಿಯೊ, ಫಾರ್ಚೂನರ್‌ಗಳಲ್ಲೂ ಹೀಗೇ, ಇಡೀ ಗಾಡಿ ಕೂತಿರುವುದು ಉಕ್ಕಿನ ಏಣಿಯೊಂದರ ಮೇಲೆ. ಏಣಿಯ ಉದ್ದನೆಯ ತೊಲೆಗಳು ಒಳಗೆ ಟೊಳ್ಳು. ನೀರು ಇಳಿದುಹೋಗಲಿ ಎಂದು ಅಡಿಯಲ್ಲಿ ರಂಧ್ರಗಳಿರುತ್ತವೆ. ಕಪ್ಪು ಕೋಟಿಂಗ್ ಹೊಡೆದವರು ಆ ರಂಧ್ರಗಳನ್ನೂ ಮುಚ್ಚಿಬಿಟ್ಟಿದ್ದರು. ಮೆಕ್ಯಾನಿಕ್ ತಂತಿಯಿಂದ ಒಂದನ್ನು ಬಿಡಿಸಿದಾಗ ಬೆರಳಿನಷ್ಟು ಮಣ್ಣು ಇಳಿಯಿತು. ಮಳೆ ಹೋಗಿ ತಿಂಗಳ ಮೇಲಾಗಿತ್ತು. ಮಣ್ಣು ಹಸಿಯಾಗಿತ್ತು.

ಆ ಹಸಿ ಮಣ್ಣು ಏಕೆ ಅಷ್ಟು ಅಪಾಯ ಎಂಬುದನ್ನು ಕೇಂಬ್ರಿಜ್‌ನ ಯುಲಿಕ್ ಇವಾನ್ಸ್ 1920ರ ದಶಕದಲ್ಲಿ ಒಂದೇ ಒಂದು ಹನಿ ಉಪ್ಪುನೀರಿನಿಂದ ತೋರಿಸಿದರು. ಉಜ್ಜಿ ಸ್ವಚ್ಛ ಮಾಡಿದ ಕಬ್ಬಿಣದ ಹಾಳೆಯ ಮೇಲೆ ಹನಿ ಇಟ್ಟು ಕಾದರು. ಹನಿಯ ಅಂಚಿಗೆ ಗಾಳಿ ಚೆನ್ನಾಗಿ ಸಿಗುತ್ತದೆ, ನಡುಭಾಗಕ್ಕೆ ಸಿಗುವುದಿಲ್ಲ. ಗಾಳಿ ತಾಗಿದ ಕಡೆಯೇ ಕಬ್ಬಿಣ ಹಾಳಾಗಬೇಕು ಎಂದು ನೀವು ಅಂದುಕೊಳ್ಳುತ್ತೀರಿ. ಆಗುವುದು ತದ್ವಿರುದ್ಧ. ಅಂಚು ಆಮ್ಲಜನಕವಿರುವ ಜಾಗವಾಗಿ ಎಲೆಕ್ಟ್ರಾನ್ ಬೇಡುತ್ತದೆ, ಗಾಳಿಯಿಲ್ಲದ ನಡುಭಾಗ ಕರಗಿ ಅದನ್ನು ಒದಗಿಸುತ್ತದೆ. ಎರಡರ ನಡುವೆ ಎಲ್ಲೋ ಕೆಂಪು ತುಕ್ಕಿನ ಬಳೆ ಮೂಡುತ್ತದೆ. ಒರೆಸಿ ನೋಡಿದರೆ ಗುಳಿ ಬಿದ್ದಿರುವುದು ನಟ್ಟನಡುವೆ! ತುಕ್ಕು ಕಾಣುವ ಜಾಗ ಒಂದು, ಲೋಹ ಕರಗುವ ಜಾಗ ಇನ್ನೊಂದು. ನೂರು ವರ್ಷದ ಹಿಂದಿನ ಈ ಹನಿಯನ್ನು ನೆನೆದಾಗಲೆಲ್ಲ ನನಗೆ ಹೊಸದಾಗಿ ಖುಷಿಯಾಗುತ್ತದೆ.

ಈಗ ಹನಿಯ ಬದಲು ತೊಲೆಯೊಳಗಿನ ಮಣ್ಣಿನ ಮುದ್ದೆಯನ್ನು, ಎರಡು ತಗಡು ಸೇರುವ ಸಂದನ್ನು, ಕೋಟಿಂಗ್ ಬಿರಿದು ನೀರು ನುಗ್ಗಿದ ಪೊಳ್ಳನ್ನು ಊಹಿಸಿಕೊಳ್ಳಿ. ಎಲ್ಲಿ ಮುಚ್ಚಿದೆಯೋ ಅಲ್ಲೇ ತಿನ್ನುತ್ತದೆ. ಹಳೇ ತುಕ್ಕಿನ ಮೇಲೆ ಬಳಿದ ಕಪ್ಪು ಕೋಟಿಂಗನ್ನು ‘ಅಡಿ ಎಲ್ಲಾ ಹೊಸದು ಮಾಡಿಸಿದೀವಿ’ ಎಂದು ತೋರಿಸುವವರನ್ನು ನಂಬಬೇಡಿ. ಹೊಸ ಗಾಡಿಗೆ ಹೊಡೆಸಿದರೆ ಅದು ರಕ್ಷೆ. ಹತ್ತು ವರ್ಷದ ಗಾಡಿಗೆ, ಅದೂ ಮಾರುವ ವಾರ ಹೊಡೆಸಿದರೆ, ಗಾಯ ತೊಳೆಯದೆ ಪಟ್ಟಿ ಕಟ್ಟಿದಂತೆ.

ಓದುಗರ ತಂದೆಯವರಿಗೂ ಇಲ್ಲೇ ಒಂದು ಮಾತು ಹೇಳಬೇಕು. ಯಜಮಾನರೇ, ನಂಬರ್ ಪ್ಲೇಟಿನ ಅಂಕಿ ಆರ್‌ಟಿಒ ಕಚೇರಿಯಲ್ಲಿ ಸರದಿ ಪ್ರಕಾರ ಬರುವುದು. ಕಬ್ಬಿಣಕ್ಕೆ ಕೂಡುವ ಲೆಕ್ಕ ಗೊತ್ತಿಲ್ಲ. ಅಂಕಿ ಕೂಡಿ 9 ಬಂದ ಬೈನಾ ಗಾಡಿಯ ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿಯನ್ನೂ ಕಟ್ಟಿದ್ದರು. ಅದೇ ಗಾಡಿಯ ಚಾಸಿ ಘಾಟಿಯ ತಿರುವಿನಲ್ಲಿ, ಮನೆಮಂದಿಯೆಲ್ಲ ಒಳಗಿರುವಾಗ ಮುರಿಯಬಹುದಿತ್ತು. ಎಂಟಕ್ಕೆ ಹೆದರಿ ಇಂಥ ಗಾಡಿ ಕೊಳ್ಳುವುದು ಮಕ್ಕಳ ಜೀವದ ಜೊತೆ ಆಡುವ ಆಟ.

ವಾಸ್ಕೋದ ಹಡಗುಕಟ್ಟೆಗಳಲ್ಲಿ ತುಕ್ಕಿಗೆ ಬೇರೆ ಉಪಾಯವಿದೆ. ಹಡಗಿನ ಉಕ್ಕಿನ ಒಡಲಿಗೆ ಸತುವಿನ ಗಟ್ಟಿಗಳನ್ನು ಬಿಗಿಯುತ್ತಾರೆ. ಸತು ತಾನು ಕರಗಿ ಉಕ್ಕನ್ನು ಉಳಿಸುತ್ತದೆ. ಕಾರಿನ ತಗಡಿಗೆ ಸತು ಲೇಪಿಸುವುದರ ಹಿಂದೆಯೂ ಇದೇ ತತ್ವವಿದೆ. ಆದರೆ ಗಾಡಿಯ ಎಲ್ಲ ಭಾಗಕ್ಕೂ ಆ ಲೇಪ ಇರುವುದಿಲ್ಲ, ಇದ್ದದ್ದೂ ಒಂದು ದಿನ ಮುಗಿಯುತ್ತದೆ. ಆದ್ದರಿಂದ ಗೋವಾದಲ್ಲಿ ಹಳೇ ಗಾಡಿ ಕೊಳ್ಳುವವರು ಎಷ್ಟು ಓಡಿದೆ ಎಂದು ಕೇಳುವ ಮೊದಲು ಎಲ್ಲಿ ನಿಂತಿತ್ತು ಎಂದು ಕೇಳಬೇಕು. ಅಲೆ ಒಡೆಯುವ ಕಡೆಯಿಂದ ನೂರು ಮೀಟರ್ ದೂರದಲ್ಲೋ, ಒಳನಾಡಿನಲ್ಲೋ? ಮೀನಿನ ಪೆಟ್ಟಿಗೆ ಹೊತ್ತಿತ್ತೋ? ದಿವಾರ್, ಚೊರಾವ್ ದ್ವೀಪಗಳ ಫೆರಿಗೆ ದಿನಾ ಹತ್ತಿಳಿದು ಚಕ್ರಕ್ಕೆ ಸವಳು ನೀರು ಮೆತ್ತಿಕೊಂಡಿತ್ತೋ? ಗಾಳಿಯಲ್ಲಿನ ಉಪ್ಪು ದಂಡೆಯಿಂದ ಒಂದೆರಡು ಕಿಲೋಮೀಟರ್ ಒಳಗೆ ಬರುವಷ್ಟರಲ್ಲೇ ಬಹಳ ಕಡಿಮೆಯಾಗಿರುತ್ತದೆ.

ಮಧ್ಯಾಹ್ನ ಫೋಂಡಾಕ್ಕೆ ಹೋದೆವು. ಒಂದು ಲಕ್ಷದ ತೊಂಬತ್ತು ಸಾವಿರ ಓಡಿದ ಗಾಡಿ ನೋಡಲು ಚೆಂದವಿರಲಿಲ್ಲ. ಸೀಟು ಹರಿದಿತ್ತು, ಕ್ಲಚ್ ಮೇಲಕ್ಕೆ ಬಂದಿತ್ತು, ಮುಂದಿನ ಸಸ್ಪೆನ್ಶನ್ ಬುಷ್‌ಗಳು ಹೋಗಿದ್ದವು. ಅಡಿಯಲ್ಲಿ ಆಕ್ಸಲ್, ಬೋಲ್ಟುಗಳೆಲ್ಲ ಕಂದು. ನಮ್ಮ ಓದುಗರು ಮುಖ ಸಣ್ಣದು ಮಾಡಿದರು. ಅದು ಮೇಲ್ಮೈಯ ತೆಳು ತುಕ್ಕು. ದಪ್ಪ ಆಕ್ಸಲ್ಲಿಗೆ ಅದರಿಂದ ಏನೂ ಆಗುವುದಿಲ್ಲ. ಮೆಕ್ಯಾನಿಕ್ ಬಡಿಯತೊಡಗಿದರು. ಮುಂದಿನಿಂದ ಹಿಂದಿನವರೆಗೆ, ಎಡಕ್ಕೂ ಬಲಕ್ಕೂ, ಟಣ್ ಬಿಟ್ಟು ಬೇರೆ ಸದ್ದಿಲ್ಲ. ಕ್ಲಚ್ಚು, ಬುಷ್ಷು, ಸೀಟಿನ ಖರ್ಚು ಕೂಡಿಸಿದರೂ ಆ ಒಂದು ಲಕ್ಷದೊಳಗೇ ಮುಗಿಯುತ್ತದೆ ಎಂದರು. ಕೊನೆಗೆ ಹಿಂದಿನ ತೊಲೆಯ ರಂಧ್ರಕ್ಕೆ ತಂತಿ ತೂರಿಸಿ ಅಲ್ಲಾಡಿಸಿದರು. ಸಣ್ಣಗೆ ಧೂಳು ಸುರಿಯಿತು. ಅಂಗೈ ಒಡ್ಡಿದೆ. ಒಣ ಮಣ್ಣು, ಬೆಚ್ಚಗಿತ್ತು.