ಪಿಕಪ್ ಗಾಡಿಗೆ ಹೊದಿಕೆ ಕಟ್ಟುವ ಬಗೆ

ಮಳೆಗಾಲದಲ್ಲಿ ಹೆದ್ದಾರಿಯ ಬದಿಯಲ್ಲಿ ನಿಂತು ನೋಡಿದರೆ ಒಂದು ವಿಚಿತ್ರವು ಕಣ್ಣಿಗೆ ಬೀಳುತ್ತದೆ. ತರಕಾರಿಯ ಮೂಟೆಗಳನ್ನು ಹೇರಿಕೊಂಡ ಪಿಕಪ್ ಗಾಡಿಯು ನಿಂತಿರುವಾಗ ಅದರ ಟಾರ್ಪಾಲು ಮೂಟೆಗಳ ಮೇಲೆ ಜೋತುಬಿದ್ದಿರುತ್ತದೆ. ಗಾಡಿಯು ವೇಗವಾಗಿ ಓಡತೊಡಗಿದೊಡನೆ ಅದೇ ಬಟ್ಟೆ ಬೆಲೂನಿನಂತೆ ಉಬ್ಬಿ ಮೇಲೇಳುತ್ತದೆ. ಮೇಲಿನಿಂದ ಸುರಿಯುವ ಮಳೆ ಅದನ್ನು ಕೆಳಕ್ಕೆ ಒತ್ತಬೇಕು. ಎದುರಿನಿಂದ ಬೀಸುವ ಗಾಳಿ ಹಿಂದಕ್ಕೆ ತಳ್ಳಬೇಕು. ಹೀಗಿರುವಲ್ಲಿ ಬಟ್ಟೆಯನ್ನು ಮೇಲಕ್ಕೆ ಎತ್ತುವವರು ಯಾರು? ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ಹೊದಿಕೆ ಕಟ್ಟಿದವನು ಮಳೆಯನ್ನು ಗೆದ್ದರೂ ಗಾಳಿಗೆ ಸೋಲುತ್ತಾನೆ. ಆ ಸೋಲಿನಿಂದ ಸರಕು ನೆನೆಯುವುದು ಮಾತ್ರವಲ್ಲ, ಕೆಲವೊಮ್ಮೆ ಪ್ರಾಣಹಾನಿಯೂ ಆಗುತ್ತದೆ. ಆದುದರಿಂದ ಮನೆಯಲ್ಲಿಯೇ ಒಂದು ಹೊದಿಕೆಯನ್ನು ಕಟ್ಟುವುದು ಹೇಗೆ, ಅದರ ಪ್ರತಿಯೊಂದು ಅಂಗದ ಹಿಂದಿರುವ ತತ್ತ್ವವೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಚಾಲಕನ ಕೋಣೆಯ ಹಿಂದೆ ಗಿಡ್ಡ ಗೋಡೆಗಳುಳ್ಳ ತೆರೆದ ತೊಟ್ಟಿಯನ್ನು ಹೊಂದಿದ ಈ ಬಗೆಯ ಗಾಡಿಯನ್ನು ಅಮೆರಿಕದ ಫೋರ್ಡ್ ಕಂಪನಿಯು ಕಾರ್ಖಾನೆಯಲ್ಲಿಯೇ ಸಿದ್ಧಪಡಿಸಿ ೧೯೨೫ರಲ್ಲಿ ಮಾರಾಟಕ್ಕೆ ತಂದಿತು. ಆದರೆ ಹೊದಿಕೆಯ ಕಲ್ಪನೆ ಅದಕ್ಕಿಂತ ಬಹಳ ಹಳೆಯದು. ನಮ್ಮ ಹಳ್ಳಿಗಳ ಕಮಾನು ಗಾಡಿಗಳಲ್ಲಿ ಬಿದಿರಿನ ದಬ್ಬೆಗಳನ್ನು ಬಾಗಿಸಿ ಮೇಲೆ ಚಾಪೆಯನ್ನು ಹೊದಿಸುತ್ತಿದ್ದರು. ೧೮ನೆಯ ಶತಮಾನದಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದ ಕಾನೆಸ್ಟೋಗ ಬಂಡಿಗಳಲ್ಲಿ ಮರದ ಕಮಾನುಗಳ ಮೇಲೆ ಕ್ಯಾನ್ವಾಸ್ ಬಟ್ಟೆಯನ್ನು ಎಳೆದು ಕಟ್ಟುತ್ತಿದ್ದರು. ಒಬ್ಬರನ್ನೊಬ್ಬರು ಕಾಣದ ಈ ಎರಡು ನಾಡಿನ ಬಡಗಿಗಳೂ ಕಮಾನನ್ನೇ ಆರಿಸಿಕೊಂಡುದಕ್ಕೆ ಬಲವಾದ ಕಾರಣವಿದೆ.

ಆ ಕಾರಣವು ನೀರಿನ ತೂಕ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು, ಅಂದರೆ ಒಂದು ಕಿಲೋಗ್ರಾಂ ನೀರು ಶೇಖರವಾಗುತ್ತದೆ. ಸಮತಟ್ಟಾಗಿ ಹಾಸಿದ ಬಟ್ಟೆಯಲ್ಲಿ ಎಲ್ಲಿಯೋ ಒಂದು ಕಡೆ ಸ್ವಲ್ಪ ತಗ್ಗು ಇದ್ದೇ ಇರುತ್ತದೆ. ನೀರು ಅಲ್ಲಿ ನಿಲ್ಲುತ್ತದೆ; ನಿಂತ ನೀರಿನ ಭಾರಕ್ಕೆ ತಗ್ಗು ಆಳವಾಗುತ್ತದೆ; ಆಳವಾದ ತಗ್ಗಿಗೆ ಇನ್ನಷ್ಟು ನೀರು ಹರಿದು ಬರುತ್ತದೆ. ಒಂದು ಮೀಟರು ಅಗಲ, ನಡುವೆ ೧೦ ಸೆಂಟಿಮೀಟರು ಆಳದ ಬೋಗುಣಿಯಂತಹ ತಗ್ಗಿನಲ್ಲಿ ಸುಮಾರು ೪೦ ಲೀಟರು ನೀರು ಹಿಡಿಯುತ್ತದೆ. ಅಷ್ಟು ಭಾರವನ್ನು ಹೊತ್ತ ಬಟ್ಟೆಯ ಹೊಲಿಗೆಯು ಒಂದು ಕುಲುಕಾಟಕ್ಕೆ ಬಿಟ್ಟುಹೋದರೆ ಆಶ್ಚರ್ಯವಿಲ್ಲ. ನೀರು ನಿಲ್ಲುವುದಕ್ಕೆ ಮೊದಲೇ ಜಾರಿಹೋಗುವಂತೆ ಮಾಡುವುದೇ ಇದಕ್ಕೆ ಪರಿಹಾರ. ಕಮಾನು ಮಾಡುವ ಕೆಲಸವೂ ಅದೇ.

ನಮ್ಮ ಗಾಡಿಯ ತೊಟ್ಟಿಯು ೨.೫ ಮೀಟರು ಉದ್ದ, ೧.೬ ಮೀಟರು ಅಗಲವಿದೆಯೆಂದು ಭಾವಿಸೋಣ. ಕಮಾನಿನ ನಡುಭಾಗವು ಪಕ್ಕದ ಗೋಡೆಗಳಿಗಿಂತ ೪೦ ಸೆಂಟಿಮೀಟರು ಎತ್ತರವಿರಲಿ. ರೇಖಾಗಣಿತವನ್ನು ಓದಿದ ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು: ಇದು ಒಂದು ಮೀಟರು ತ್ರಿಜ್ಯವುಳ್ಳ ವೃತ್ತದ ಕಂಸವಾಗುತ್ತದೆ; ಅದರ ಉದ್ದ ಸುಮಾರು ೧.೮೫ ಮೀಟರು. ಎರಡು ಪಕ್ಕಗಳಲ್ಲಿಯೂ ೩೦ ಸೆಂಟಿಮೀಟರು ಇಳಿಬಿಡಬೇಕಾದರೆ ಬಟ್ಟೆಯ ಅಗಲವು ೨.೪೫ ಮೀಟರು ಇರಬೇಕು. ಉದ್ದದಲ್ಲಿಯೂ ಮುಂದೆ ಹಿಂದೆ ಮಡಚಿ ಕಟ್ಟುವಷ್ಟು ಹೆಚ್ಚು ಬಟ್ಟೆ ಬೇಕು.

ಕಬ್ಬಿಣದ ಕೊಳವೆಯನ್ನು ಬರಿದಾಗಿಯೇ ಬಾಗಿಸಹೊರಟರೆ ಅದು ಒಂದು ಕಡೆ ಚಪ್ಪಟೆಯಾಗಿ ಮುದುಡುತ್ತದೆ. ಆದುದರಿಂದ ಅದರೊಳಗೆ ಒಣಮರಳನ್ನು ತುಂಬಿ, ಎರಡು ತುದಿಗಳನ್ನೂ ಬಿಗಿಯಾಗಿ ಮುಚ್ಚಿ, ಅನಂತರ ನಿಧಾನವಾಗಿ ಬಾಗಿಸತಕ್ಕದ್ದು. ಮರಳಿಗೆ ಸರಿದುಹೋಗಲು ಸ್ಥಳವಿಲ್ಲದ ಕಾರಣ ಕೊಳವೆಯು ತನ್ನ ದುಂಡನ್ನು ಉಳಿಸಿಕೊಳ್ಳುತ್ತದೆ. ಇಂತಹ ನಾಲ್ಕು ಕಮಾನುಗಳನ್ನು ಸಮಾನ ಅಂತರದಲ್ಲಿ ನಿಲ್ಲಿಸಿ, ಅವುಗಳ ಕಾಲುಗಳನ್ನು ಗೋಡೆಗೆ ಭದ್ರಪಡಿಸಿದ ದಪ್ಪ ಕೊಳವೆಯ ತುಂಡುಗಳಲ್ಲಿ ಇಳಿಸಿ ಬೋಲ್ಟು ಹಾಕಬೇಕು. ಕಮಾನಿನ ನೆತ್ತಿಯಲ್ಲಿ ಇಳಿಜಾರು ಇಲ್ಲದಿರುವುದರಿಂದ ಎರಡು ಕಮಾನುಗಳ ನಡುವೆ ಬಟ್ಟೆ ಜಗ್ಗಿ ನೀರು ನಿಲ್ಲುವ ಸಂಭವವುಂಟು. ನೆತ್ತಿಯಲ್ಲಿ ಒಂದು, ಪಕ್ಕಗಳಲ್ಲಿ ಎರಡು ಉದ್ದಸರಳುಗಳನ್ನು ಕಟ್ಟಿದರೆ ಆ ಭಯವಿಲ್ಲ.

ಇನ್ನೊಂದು ವಿಷಯವನ್ನು ಅನೇಕರು ಮರೆಯುತ್ತಾರೆ. ಚಾಲಕನು ಬ್ರೇಕು ಒತ್ತಿದಾಗ ಜಡತ್ವದ ನಿಯಮದಂತೆ ಕಮಾನುಗಳು ಮುಂದಕ್ಕೆ ವಾಲುತ್ತವೆ. ನಾಲ್ಕು ಸರಳುಗಳ ಚೌಕಟ್ಟನ್ನು ಒತ್ತಿದರೆ ಅದು ಓರೆಯಾಗುತ್ತದೆ. ಮೂರು ಸರಳುಗಳ ತ್ರಿಕೋನವು ಸರಳು ಮುರಿಯುವವರೆಗೂ ಆಕಾರವನ್ನು ಬಿಡುವುದಿಲ್ಲ. ಆದುದರಿಂದ ಎರಡು ಪಕ್ಕಗಳಲ್ಲಿಯೂ ಒಂದೊಂದು ಓರೆಸರಳನ್ನು ಸೇರಿಸಲೇಬೇಕು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಗಾಡಿಯು ಓಡುವಾಗ ಹೊದಿಕೆಯ ಬೆನ್ನಿನ ಮೇಲೆ ಗಾಳಿಯು ವೇಗವಾಗಿ ಹರಿಯುತ್ತದೆ. ಹೊದಿಕೆಯ ಒಳಗಿನ ಗಾಳಿ ಹೆಚ್ಚುಕಡಿಮೆ ನಿಶ್ಚಲವಾಗಿರುತ್ತದೆ. ಉಬ್ಬಿದ ಮೈಯ ಮೇಲೆ ವೇಗವಾಗಿ ಹರಿಯುವ ಗಾಳಿಯ ಒತ್ತಡವು ಕುಗ್ಗುತ್ತದೆಂಬುದು ಬರ್ನೂಲಿಯ ತತ್ತ್ವದಿಂದ ನಮಗೆ ತಿಳಿದಿದೆ. ಒಳಗಿನ ಒತ್ತಡವೇ ಹೆಚ್ಚಾಗಿ ಬಟ್ಟೆಯನ್ನು ಹೊರಕ್ಕೆ ನೂಕುತ್ತದೆ. ವಿಮಾನದ ರೆಕ್ಕೆಯನ್ನು ಎತ್ತಿಹಿಡಿಯುವ ಒತ್ತಡದ ವ್ಯತ್ಯಾಸವೇ ನಮ್ಮ ಟಾರ್ಪಾಲನ್ನೂ ಎತ್ತುತ್ತದೆ.

ಇದರ ಪ್ರಮಾಣವೆಷ್ಟು? ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಗಾಳಿಯ ಚಲನೆಯ ಒತ್ತಡವು ಪ್ರತಿ ಚದರ ಮೀಟರಿಗೆ ಸುಮಾರು ೧೭ ಕಿಲೋಗ್ರಾಂ ತೂಕಕ್ಕೆ ಸಮ. ಎತ್ತುವ ಬಲವೂ ಇಷ್ಟೇ ಎಂದು ಅಂದಾಜಿಗೆ ಇಟ್ಟುಕೊಂಡರೆ, ನಮ್ಮ ತೊಟ್ಟಿಯ ೪ ಚದರ ಮೀಟರಿಗೆ ಅದು ೬೮ ಕಿಲೋಗ್ರಾಂ, ಅಂದರೆ ಒಬ್ಬ ವಯಸ್ಕನ ತೂಕ. ಈ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಎದುರಿನಿಂದ ಗಂಟೆಗೆ ೨೦ ಕಿಲೋಮೀಟರಿನ ಗಾಳಿ ಬೀಸಿದರೆ ವೇಗವು ಮೂರನೆಯ ಒಂದು ಭಾಗ ಮಾತ್ರ ಹೆಚ್ಚುತ್ತದೆ. ಬಲವಾದರೋ ೧೨೧ ಕಿಲೋಗ್ರಾಮಿಗೆ ಏರುತ್ತದೆ. ಬಟ್ಟೆಯ ಸ್ವಂತ ತೂಕವು ಇದರ ಮುಂದೆ ಏನೂ ಅಲ್ಲ. ಹೊದಿಕೆಯನ್ನು ಗಾಡಿಯ ಮೇಲೆ ಉಳಿಸುವುದು ಹಗ್ಗಗಳೇ ಹೊರತು ಬಟ್ಟೆಯ ಭಾರವಲ್ಲ.

ಆದುದರಿಂದ ಸುತ್ತಲೂ ಹನ್ನೆರಡು ಕಡೆಯಾದರೂ ಕಟ್ಟುಗಳಿರಬೇಕು. ಆಗ ಒಂದೊಂದರ ಪಾಲಿಗೆ ಬರುವ ಎಳೆತವು ಸುಮಾರು ೧೦ ಕಿಲೋಗ್ರಾಮಿನಷ್ಟಾಗುತ್ತದೆ. ಮುಂಭಾಗದ ಅಂಚಿನಲ್ಲಿ ವಿಶೇಷ ಎಚ್ಚರಿಕೆ ಬೇಕು. ಅಲ್ಲಿ ಬೆರಳು ತೂರುವಷ್ಟು ಸಂದಿಯಿದ್ದರೂ ಗಾಳಿ ಒಳನುಗ್ಗಿ ಬಟ್ಟೆಯನ್ನು ಚೀಲದಂತೆ ಉಬ್ಬಿಸುತ್ತದೆ. ಎರಡು ತುಂಡು ಬಟ್ಟೆಗಳನ್ನು ಜೋಡಿಸುವುದಾದರೆ ಹೆಂಚಿನ ಸಾಲಿನಂತೆ ಮುಂದಿನದು ಹಿಂದಿನದರ ಮೇಲೆ ಬರಬೇಕು. ಕೊಳವೆಯ ತುದಿಗಳಿಗೆ ಗೋಣಿಯ ಬಟ್ಟೆಯನ್ನು ಸುತ್ತಿದರೆ ಉಜ್ಜಿ ಹರಿಯುವುದು ತಪ್ಪುತ್ತದೆ. ಕೊಕ್ಕೆಗೂ ಹಗ್ಗಕ್ಕೂ ನಡುವೆ ಹಳೆಯ ಟ್ಯೂಬಿನ ರಬ್ಬರು ಪಟ್ಟಿಯನ್ನು ಸೇರಿಸುವುದು ಜಾಣತನ. ಬಟ್ಟೆ ಪಟಪಟನೆ ಬಡಿದುಕೊಳ್ಳುವಾಗ ಉಂಟಾಗುವ ಜಗ್ಗಾಟವನ್ನು ರಬ್ಬರು ನುಂಗಿಕೊಳ್ಳುತ್ತದೆ. ಹತ್ತಿಯ ಹಗ್ಗವು ನೆನೆದಾಗ ಎಳೆಗಳು ಊದಿ ಗಿಡ್ಡವಾಗುತ್ತದೆ, ನೈಲಾನ್ ಹಗ್ಗವು ನೆನೆದಾಗ ಸ್ವಲ್ಪ ಸಡಿಲುತ್ತದೆ ಎಂಬುದನ್ನೂ ನೆನಪಿಡಬೇಕು. ಕಟ್ಟು ಬಿಚ್ಚಿ ಹಾರಿದ ಟಾರ್ಪಾಲು ಹಿಂದೆ ಬರುವ ಮೋಟಾರ್ ಸೈಕಲಿನವನ ಮುಖವನ್ನು ಮುಚ್ಚಿದರೆ ಏನಾದೀತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಓಡುವ ಗಾಡಿಯ ಬೆನ್ನ ಹಿಂದೆ ಒತ್ತಡ ಕಡಿಮೆಯಾಗಿ ಗಾಳಿಯು ಸುಳಿಸುಳಿಯಾಗಿ ಮುಂದಕ್ಕೆ ಮರಳುತ್ತದೆ. ತೆರೆದ ತೊಟ್ಟಿಯಲ್ಲಿ ಬಿದ್ದ ಒಣಎಲೆಗಳು ಹಿಂದಕ್ಕೆ ಹಾರದೆ ಚಾಲಕನ ಕೋಣೆಯ ಕಡೆಗೇ ಸುತ್ತುವುದನ್ನು ಗಮನಿಸಿದರೆ ಇಂತಹ ಸುಳಿಯ ಪರಿಚಯವಾಗುತ್ತದೆ. ಮುಂದೆ ಮುಚ್ಚಿ ಹಿಂದೆ ತೆರೆದ ಹೊದಿಕೆಯೊಳಕ್ಕೆ ಈ ಸುಳಿಯು ರಸ್ತೆಯ ಧೂಳನ್ನೂ ಎಂಜಿನಿನ ಹೊಗೆಯನ್ನೂ ಎಳೆದು ತರುತ್ತದೆ. ಆ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಹಿಡಿದುಕೊಳ್ಳುತ್ತದೆ. ಉಸಿರಾಡುತ್ತಿದ್ದರೂ ದೇಹಕ್ಕೆ ಆಮ್ಲಜನಕವು ದೊರೆಯದೆ ಹೋಗುತ್ತದೆ.

ಅಮೆರಿಕದ ಸಿಯಾಟಲ್ ನಗರದ ವೈದ್ಯರು ೧೯೯೨ರಲ್ಲಿ ಪ್ರಕಟಿಸಿದ ವರದಿಯೊಂದು ಇದಕ್ಕೆ ಸಾಕ್ಷಿ. ಪಿಕಪ್ ಗಾಡಿಗಳ ಹಿಂಭಾಗದಲ್ಲಿ ಪ್ರಯಾಣ ಮಾಡಿ ಈ ಅನಿಲದ ವಿಷಕ್ಕೆ ತುತ್ತಾದ ೨೦ ಮಕ್ಕಳ ವಿಷಯವನ್ನು ಅವರು ಅದರಲ್ಲಿ ವಿವರಿಸಿದರು. ೧೭ ಮಕ್ಕಳು ಗಟ್ಟಿಯಾದ ಮುಚ್ಚುಹೊದಿಕೆಯೊಳಗೆ ಇದ್ದವರು. ಉಳಿದ ಮೂವರು ಟಾರ್ಪಾಲಿನ ಕೆಳಗೆ ಇದ್ದವರು. ಅವರಲ್ಲಿ ಒಂದು ಮಗು ಸತ್ತಿತು. ಆ ಗಾಡಿಗಳ ಹೊಗೆಕೊಳವೆಯು ಸೋರುತ್ತಿತ್ತು, ಇಲ್ಲವೆ ಗಾಡಿಯ ಹಿಂದುಗಡೆಗೆ ತೆರೆದಿತ್ತು. ಮಳೆಯಲ್ಲಿ ನೆನೆಯದಿರಲೆಂದು ಮಕ್ಕಳನ್ನು ಹೊದಿಕೆಯೊಳಗೆ ಕೂರಿಸುವ ಅಕ್ಕರೆಯೇ ಅವರಿಗೆ ಅಪಾಯವಾಗುವುದು ಹೀಗೆ.

ಹೊರಡುವ ಮುನ್ನ ನಾವು ನೋಡಬೇಕಾದುದು ಇಷ್ಟು: ನೆತ್ತಿಯಲ್ಲಿ ತಗ್ಗಿಲ್ಲವೆ, ಮುಂದಿನ ಅಂಚಿನಲ್ಲಿ ಸಂದಿಯಿಲ್ಲವೆ, ಕಟ್ಟುಗಳೆಲ್ಲವೂ ಬಿಗಿಯಾಗಿವೆಯೆ? ಹತ್ತು ಕಿಲೋಮೀಟರು ಹೋದ ಮೇಲೆ ಗಾಡಿಯನ್ನು ನಿಲ್ಲಿಸಿ ಕಟ್ಟುಗಳನ್ನು ಮತ್ತೊಮ್ಮೆ ಬಿಗಿಯುವುದು ಒಳ್ಳೆಯದು. ಹೊದಿಕೆಯ ಒಳಗೆ ಸರಕಲ್ಲದೆ ಯಾರೂ ಇರಕೂಡದು. ಮಳೆ ಎಷ್ಟೇ ಜೋರಾಗಿರಲಿ, ಸ್ಥಳ ಎಷ್ಟೇ ಇರಲಿ, ಈ ಒಂದು ನಿಯಮಕ್ಕೆ ರಿಯಾಯಿತಿಯಿಲ್ಲ.