ಕಲ್ಮನೆಗಳನ್ನು ಕಟ್ಟಿದವರು

ಕಿತ್ತೂರಿನ ಸಮೀಪದ ದೇಗಾಂವದಲ್ಲಿ ಕಮಲನಾರಾಯಣ ದೇವಾಲಯವಿದೆ. 12ನೆಯ ಶತಮಾನದಲ್ಲಿ ಅದನ್ನು ಕಟ್ಟಿಸಿದವಳು ಗೋವೆಯ ಕದಂಬರ ರಾಣಿ ಕಮಲಾದೇವಿ. ಶಾಸನವಿರುವುದರಿಂದ ಆಕೆಯ ಹೆಸರು ಉಳಿದುಬಂದಿದೆ. ಅಲ್ಲಿಂದ ಪೂರ್ವಕ್ಕೆ, ಸವದತ್ತಿ, ರಾಮದುರ್ಗಗಳ ಸೀಮೆಯನ್ನು ದಾಟಿ ಮಲಪ್ರಭೆಯ ಗುಂಟ ಸಾಗಿದರೆ ಐಹೊಳೆ ದೊರೆಯುತ್ತದೆ. ಅಲ್ಲಿಯ ಮೇಗುಟಿ ದೇವಾಲಯದಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನವಿದೆ. ಅದೇ ಬೆಟ್ಟದ ಮೇಲೆ ಒಂದಕ್ಷರವೂ ಇಲ್ಲದ ಕಲ್ಲಿನ ಕೋಣೆಗಳೂ ನಿಂತಿವೆ. ಅವು ಶಾಸನಕ್ಕಿಂತ ಬಹು ಹಿಂದಿನವು.

ಇಂತಹ ಕೋಣೆಗಳನ್ನು ಜನರು ಕೆಲವೆಡೆ 'ಪಾಂಡವರ ಮನೆ' ಎಂದೂ ಕೆಲವೆಡೆ 'ಮೋರೇರ ಮನೆ' ಎಂದೂ ಕರೆಯುತ್ತಾರೆ. ಆದರೆ ಇವು ವಾಸದ ಮನೆಗಳಲ್ಲ. ಮೃತರಿಗಾಗಿ ನಿಲ್ಲಿಸಿದ ಸ್ಮಾರಕಗಳು. ಇವನ್ನು ಕಟ್ಟಿದವರನ್ನು ವಿದ್ವಾಂಸರು ಬೃಹತ್ ಶಿಲಾ ಸಂಸ್ಕೃತಿಯ ಜನರೆನ್ನುತ್ತಾರೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಬೆಟ್ಟದಲ್ಲಿ ಇಂತಹ ಸುಮಾರು 400 ರಚನೆಗಳಿವೆ. ಬಂಡೆಯಿಂದ ಚಪ್ಪಡಿಗಳನ್ನು ಬಿಡಿಸಿ, ನಾಲ್ಕು ಕಡೆಗೂ ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಹೊದಿಸಿದ್ದಾರೆ. ಕೆಲವು ಕೋಣೆಗಳ ಗೋಡೆಯಲ್ಲಿ ದುಂಡನೆಯ ಕಿಂಡಿಯುಂಟು. ಇದು ಒಬ್ಬಿಬ್ಬರಿಂದಾಗುವ ಕೆಲಸವಲ್ಲ. ಊರೇ ಕೂಡಿ ದುಡಿದಿರಬೇಕು.

ಈ ಜನರ ಜೀವನವನ್ನು ಮಣ್ಣಿನಲ್ಲಿ ಉಳಿದ ವಸ್ತುಗಳಿಂದಲೇ ತಿಳಿಯಬೇಕು. ಅವರು ದನ, ಕುರಿ, ಆಡುಗಳನ್ನು ಸಾಕುತ್ತಿದ್ದರು, ಬೇಸಾಯ ಮಾಡುತ್ತಿದ್ದರು. ಒಳಮೈ ಕಪ್ಪಾಗಿಯೂ ಹೊರಮೈ ಕೆಂಪಾಗಿಯೂ ಇರುವ ನುಣುಪಾದ ಮಡಕೆಗಳನ್ನು ಬಳಸುತ್ತಿದ್ದರು. ಬಾಣದ ಮೊನೆ, ಚೂರಿ, ಕುಡುಗೋಲುಗಳನ್ನು ಕಬ್ಬಿಣದಿಂದ ಮಾಡುತ್ತಿದ್ದರು. ಮೃತರ ಸಂಗಡ ಮಡಕೆ, ಆಯುಧಗಳನ್ನೂ ಇಡುತ್ತಿದ್ದರು.

ಇವರು ಎಲ್ಲಿಂದ ಬಂದರು? 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್, ಕಲ್ಲಿನ ಕೊಡಲಿಯ ಜನರಿದ್ದ ನೆಲಕ್ಕೆ ಕಬ್ಬಿಣ ಬಲ್ಲ ಹೊಸಬರು ಕ್ರಿ.ಪೂ. 2ನೆಯ ಶತಮಾನದ ಸುಮಾರಿಗೆ ಬಂದರೆಂದು ಭಾವಿಸಿದರು. 1965ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ತುಂಗಭದ್ರೆಯ ದಡದ ಹಳ್ಳೂರನ್ನು ಅಗೆಸಿದಾಗ ಬೇರೆಯೇ ಚಿತ್ರ ಕಂಡಿತು. ಅಲ್ಲಿಯ ಕಬ್ಬಿಣವು ಸುಮಾರು 3000 ವರ್ಷಗಳಷ್ಟು ಹಳೆಯದೆಂದು ಇಂಗಾಲದ ಪರೀಕ್ಷೆ ತೋರಿಸಿತು. ಕಲ್ಲಿನ ಉಪಕರಣಗಳೂ ಕಬ್ಬಿಣವೂ ಒಂದೇ ಸ್ತರದಲ್ಲಿ ದೊರೆತವು. ಹಳಬರು ಅಳಿದು ಹೊಸಬರು ನೆಲೆಸಿದರು ಎನ್ನುವುದಕ್ಕಿಂತ, ಇಲ್ಲಿದ್ದವರೇ ಹೊಸ ವಿದ್ಯೆಯನ್ನು ಕಲಿತರೆಂಬ ವಿಚಾರಕ್ಕೆ ಇದರಿಂದ ಬಲ ಬಂದಿತು.

ನಿಧಿಯ ಆಸೆಯಿಂದ ಇಂತಹ ಅನೇಕ ಕೋಣೆಗಳನ್ನು ಒಡೆದಿದ್ದಾರೆ. ಅವುಗಳಲ್ಲಿರುವುದು ಬಂಗಾರವಲ್ಲ, ಮೂಳೆ ಮತ್ತು ಮಡಕೆಯ ಚೂರು. ಶಾಸನ ಬರೆಯಿಸದ ಈ ಜನರ ವಿಷಯವಾಗಿ ನುಡಿಯಬಲ್ಲ ಸಾಕ್ಷಿಗಳು ಅವೇ. ಅವು ಒಮ್ಮೆ ಚೆಲ್ಲಾಪಿಲ್ಲಿಯಾದರೆ ಮತ್ತೆ ಕೇಳಿ ತಿಳಿಯಲು ಬೇರೆ ದಾರಿಯಿಲ್ಲ.